ಕಿತ್ತಳೆಯ ಊರಿನಲ್ಲಿ ಮಿಡಿದ ತಂತಿ

ಲಾಸ್ ಏಂಜಲಿಸ್ ಮಹಾನಗರದ ಯೂನಿಯನ್ ನಿಲ್ದಾಣದಿಂದ ಆಗ್ನೇಯಕ್ಕೆ ಹೊರಟ ರೈಲು ಅರ್ಧ ಗಂಟೆಗೆ ತುಸು ಮೀರಿದ ಹೊತ್ತಿನಲ್ಲಿ ಫುಲ್ಲರ್ಟನ್ ಎಂಬ ಊರನ್ನು ಮುಟ್ಟುತ್ತದೆ. ದೂರ ಸುಮಾರು 25 ಮೈಲಿ. ದಾರಿಯುದ್ದಕ್ಕೂ ಕಣ್ಣಿಗೆ ಬೀಳುವುದು ಗೋದಾಮುಗಳ ಬೆನ್ನು, ಕಾರ್ಖಾನೆಗಳ ಅಂಗಳ, ಸಾಲು ಸಾಲು ಮನೆ. ಮಹಾನಗರವು ಎಲ್ಲಿ ಮುಗಿಯಿತು, ಬೇರೆ ಊರು ಎಲ್ಲಿ ತೊಡಗಿತು ಎಂಬುದನ್ನು ಹೇಳಬಲ್ಲವರು ನಕ್ಷೆ ಬರೆದವರು ಮಾತ್ರ. ರೈಲಿನಿಂದ ಇಳಿದವನಿಗೆ ಮೊದಲು ಎದುರಾಗುವುದು 1930ರಲ್ಲಿ ಸಾಂತಾ ಫೆ ರೈಲ್ವೆ ಕಂಪನಿಯು ಸ್ಪ್ಯಾನಿಷ್ ಶೈಲಿಯಲ್ಲಿ ಕಟ್ಟಿಸಿದ ನಿಲ್ದಾಣ. ಕೆಂಪು ಹೆಂಚು, ಕಮಾನು, ನಿಚ್ಚಳವಾದ ಕ್ಯಾಲಿಫೋರ್ನಿಯದ ಬಿಸಿಲು. ನೋಡಲು ಬಂದವನನ್ನು ಬೆರಗುಗೊಳಿಸುವಂಥದು ಊರಿನಲ್ಲಿ ಬೇರೇನೂ ಇಲ್ಲವೆಂದೇ ಮೊದಲಿಗೆ ತೋರುತ್ತದೆ. ಆದರೂ ಜಗತ್ತಿನ ಯಾವ ಮೂಲೆಯಲ್ಲಿ ವಿದ್ಯುತ್ ಗಿಟಾರು ನುಡಿದರೂ ಆ ನುಡಿಯಲ್ಲಿ ಈ ಊರಿನ ಪಾಲು ಒಂದಿಷ್ಟು ಇದ್ದೇ ಇರುತ್ತದೆ.

ಊರು ಹುಟ್ಟಿದ್ದು 1887ರಲ್ಲಿ. ಅಮೆರಿಜ್ ಎಂಬ ಮನೆತನದ ಇಬ್ಬರು ಸೋದರರು ಭೂಮಿ ಕೊಂಡು ಊರು ಕಟ್ಟಿದರು. ರೈಲು ಹಳಿ ತಮ್ಮೂರ ಮೂಲಕವೇ ಹಾಯುವಂತೆ ಅನುಕೂಲ ಮಾಡಿಕೊಟ್ಟ ಅಧಿಕಾರಿ ಜಾರ್ಜ್ ಫುಲ್ಲರ್ಟನ್ನನ ಹೆಸರನ್ನು ಅದಕ್ಕೆ ಇಟ್ಟರು. ಜಿಲ್ಲೆಯ ಹೆಸರೇ ಆರೆಂಜ್. ಒಂದು ಕಾಲಕ್ಕೆ ಇಲ್ಲಿ ಹೆಸರಿಗೆ ತಕ್ಕಂತೆ ಕಣ್ಣು ಹಾಯುವಷ್ಟು ದೂರ ಕಿತ್ತಳೆಯ ತೋಟಗಳಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮರಗಳು ಒಂದೊಂದಾಗಿ ಉರುಳಿದವು, ಮನೆಗಳು ಎದ್ದವು. 1957ರಲ್ಲಿ ಸ್ಥಾಪಿತವಾದ ಇಲ್ಲಿನ ವಿಶ್ವವಿದ್ಯಾಲಯವು ನಿಂತಿರುವುದೂ ಹಳೆಯ ಕಿತ್ತಳೆಯ ತೋಟದ ನೆಲದ ಮೇಲೆಯೇ.

ಅಂಥದೊಂದು ತೋಟದ ಮನೆಯಲ್ಲಿ 1909ರ ಆಗಸ್ಟ್ 10ರಂದು ಲಿಯೋ ಫೆಂಡರ್ ಹುಟ್ಟಿದ. ಬಾಲ್ಯದಲ್ಲಿಯೇ ಒಂದು ಕಣ್ಣು ಹೋಗಿತ್ತು. ಓದಿದ್ದು ಲೆಕ್ಕಪತ್ರದ ವಿದ್ಯೆ. ಒಲವೆಲ್ಲ ರೇಡಿಯೋ ಮೇಲೆ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಗುಮಾಸ್ತಿಕೆ ಕೈಬಿಟ್ಟಾಗ, ಸಾಲ ಮಾಡಿ 1938ರಲ್ಲಿ ಈ ಊರಿನಲ್ಲಿಯೇ ರೇಡಿಯೋ ದುರಸ್ತಿಯ ಅಂಗಡಿಯನ್ನು ತೆರೆದ. ರೇಡಿಯೋ, ಗ್ರಾಮಫೋನು, ಧ್ವನಿವರ್ಧಕ—ಏನು ಕೆಟ್ಟರೂ ಜನ ಅಲ್ಲಿಗೆ ತರುತ್ತಿದ್ದರು. ತರುವವರಲ್ಲಿ ಸಂಗೀತಗಾರರೂ ಇದ್ದರು. ವಿಚಿತ್ರವೆಂದರೆ ಗಿಟಾರಿನ ಚರಿತ್ರೆಯನ್ನೇ ತಿರುಗಿಸಿದ ಈ ಮನುಷ್ಯನು ಗಿಟಾರು ನುಡಿಸುವುದನ್ನು ಕಡೆಯವರೆಗೂ ಕಲಿಯಲಿಲ್ಲ. ವಾದ್ಯವನ್ನು ಈತ ನೋಡಿದ್ದು ರಿಪೇರಿಗಾರನ ಕಣ್ಣಿನಿಂದ: ಎಲ್ಲಿ ಕೆಡುತ್ತದೆ, ಹೇಗೆ ಬಿಚ್ಚಬೇಕು, ಯಾವ ಭಾಗವನ್ನು ಸುಲಭವಾಗಿ ಬದಲಿಸಬಹುದು.

ಗಿಟಾರಿಗೆ ವಿದ್ಯುತ್ತನ್ನು ಮೊದಲು ಕಟ್ಟಿದವನು ಫೆಂಡರನಲ್ಲ. ಆ ಕೀರ್ತಿಗೆ ಪಾಲುದಾರರು ಲಾಸ್ ಏಂಜಲಿಸ್‌ನಲ್ಲಿದ್ದ ಜಾರ್ಜ್ ಬೋಶಾಂ, ಅಡಾಲ್ಫ್ ರಿಕನ್‌ಬ್ಯಾಕರ್ ಮುಂತಾದವರು. ದೊಡ್ಡ ನೃತ್ಯಮೇಳಗಳಲ್ಲಿ ಕಹಳೆ, ಸ್ಯಾಕ್ಸೋಫೋನುಗಳ ಅಬ್ಬರದ ನಡುವೆ ಗಿಟಾರಿನ ದನಿ ಯಾರಿಗೂ ಕೇಳುತ್ತಿರಲಿಲ್ಲ. 1932ರಲ್ಲಿ ಇವರು ಮಾರಾಟಕ್ಕೆ ತಂದ, ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರಿನ ಆಕಾರ ಬಾಣಲೆಯಂತಿತ್ತು. ಜನ ಅದನ್ನು ಬಾಣಲೆಯೆಂದೇ ಕರೆದರು. ಅದರಲ್ಲಿ ಕುದುರೆಲಾಳದಂಥ ಎರಡು ಅಯಸ್ಕಾಂತಗಳು ತಂತಿಗಳನ್ನು ಸುತ್ತುವರಿದಿದ್ದವು. ತಂತಿಗಳ ಕೆಳಗೆ ತಾಮ್ರದ ಸುರುಳಿ. ಅಯಸ್ಕಾಂತದ ಬಳಿ ಉಕ್ಕಿನ ತಂತಿ ಅಲುಗಿದರೆ ಅದರ ಕ್ಷೇತ್ರವೂ ಅಲುಗುತ್ತದೆ. ಅಲುಗುವ ಕ್ಷೇತ್ರದಲ್ಲಿ ತಾಮ್ರದ ಸುರುಳಿಯಿದ್ದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡ ನಿಯಮ. ಸುರುಳಿಯ ಆ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಡುತ್ತದೆ. ಅಯಸ್ಕಾಂತ, ಸುರುಳಿ ಎರಡೂ ಸೇರಿದ ಈ ಅಂಗಕ್ಕೆ ಪಿಕಪ್ ಎಂದು ಹೆಸರು.

ಇಲ್ಲಿ ಕನ್ನಡ ನಾಡಿನ ವೈಣಿಕರು ಗಮನಿಸಬಹುದಾದ ಒಂದು ಸಂಗತಿಯಿದೆ. ಪಿಕಪ್ಪಿಗೆ ಕೇಳಿಸುವುದು ಗಾಳಿಯಲ್ಲಿ ಹರಡುವ ಸದ್ದಲ್ಲ, ತಂತಿಯ ಲೋಹದ ಚಲನೆ. ವೀಣೆಯ ಸಾರಣಿಯಂಥ ಉಕ್ಕಿನ ತಂತಿಯು ಅದಕ್ಕೆ ಕೇಳಿಸುತ್ತದೆ. ಹಿತ್ತಾಳೆಯ ಮಂದ್ರ ತಂತಿಯು ಕೇಳಿಸುವುದೇ ಇಲ್ಲವೆನ್ನಬೇಕು. ಹಿತ್ತಾಳೆಯನ್ನು ಅಯಸ್ಕಾಂತವು ಸೆಳೆಯದು. ಸೆಳೆತವಿಲ್ಲದಿದ್ದಲ್ಲಿ ಕೇಳ್ಮೆಯೂ ಇಲ್ಲ. ಈ ಒಂದು ಮಾತಿನಲ್ಲಿಯೇ ಮುಂದಿನ ತೊಡಕೆಲ್ಲ ಅಡಗಿದೆ.

ಫೆಂಡರನು 1943ರ ಸುಮಾರಿಗೆ ಗೆಳೆಯ ಡಾಕ್ ಕಾಫ್‌ಮನ್ನನೊಡನೆ ತನ್ನದೇ ಒಂದು ಪಿಕಪ್ಪನ್ನು ರೂಪಿಸಿದ. ಅದರಲ್ಲಿ ತಂತಿಗಳು ಸುರುಳಿಯ ನಡುವಿನಿಂದಲೇ ಹಾಯ್ದು ಹೋಗುತ್ತಿದ್ದವು. ಅದನ್ನು ಪರೀಕ್ಷಿಸಲು ಒಂದು ಗಟ್ಟಿ ಹಲಗೆಯ ಗಿಟಾರನ್ನೂ ಮಾಡಿದರು. ಊರಿನ ವಾದಕರು ಅದನ್ನು ಬಾಡಿಗೆಗೆ ಒಯ್ಯತೊಡಗಿದರು. 1946ರಲ್ಲಿ ಫೆಂಡರ್ ಕಂಪನಿ ಹುಟ್ಟಿತು. ರೈಲು ನಿಲ್ದಾಣದ ಸಮೀಪದಲ್ಲಿಯೇ ಎರಡು ತಗಡಿನ ಕಟ್ಟಡಗಳು ಅದರ ಕಾರ್ಖಾನೆ. ಅಲ್ಲಿ ಶೌಚಗೃಹವಿರಲಿಲ್ಲ, ಕೆಲಸಗಾರರೆಲ್ಲ ನಿಲ್ದಾಣಕ್ಕೇ ಹೋಗಬೇಕಾಗುತ್ತಿತ್ತು ಎಂದು ಹಳಬರು ನೆನೆದಿದ್ದಾರೆ. 1948ರಲ್ಲಿ ಜಾರ್ಜ್ ಫುಲ್ಲರ್ಟನ್ ಎಂಬ ತರುಣ ಕೆಲಸಕ್ಕೆ ಸೇರಿದ. ಊರಿಗೆ ಹೆಸರು ಕೊಟ್ಟವನಿಗೂ ಈತನಿಗೂ ನಂಟಿಲ್ಲ. ಹೆಸರಿನ ಆಟ ಅಷ್ಟೆ. 1950ರಲ್ಲಿ ಬ್ರಾಡ್‌ಕಾಸ್ಟರ್ ಎಂಬ ಗಿಟಾರು ಹೊರಬಂದು ಮರುವರ್ಷ ಟೆಲಿಕಾಸ್ಟರ್ ಎಂಬ ಹೆಸರನ್ನು ಪಡೆಯಿತು. ಪೊಳ್ಳು ಹೊಟ್ಟೆಯಿಲ್ಲದ ಹಲಗೆ, ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಕತ್ತು. ಕತ್ತು ಕೆಟ್ಟರೆ ಬಿಚ್ಚಿ ಬೇರೊಂದನ್ನು ಹಾಕಿದರಾಯಿತು—ರಿಪೇರಿಗಾರನ ಬುದ್ಧಿಯೆಂದರೆ ಇದೇ.

ಪಿಕಪ್ ಸುತ್ತುವ ಕೆಲಸವನ್ನು ಮಾಡುತ್ತಿದ್ದವರು ಹೆಚ್ಚಾಗಿ ಮಹಿಳೆಯರು. 1956ರಲ್ಲಿ ಸೇರಿದ ಅಬಿಗೇಲ್ ಇಬಾರ ಎಂಬಾಕೆಯ ಹೆಸರು ಗಿಟಾರು ಪ್ರಿಯರ ನಡುವೆ ಇಂದಿಗೂ ಗೌರವದಿಂದ ಓಡಾಡುತ್ತದೆ. ಆಕೆ ನಿವೃತ್ತಳಾದದ್ದು 2013ರಲ್ಲಿ. ತಲೆಗೂದಲಿನಷ್ಟೇ ತೆಳುವಾದ ತಾಮ್ರದ ಎಳೆಯನ್ನು ತಿರುಗುವ ಯಂತ್ರದ ಮೇಲೆ ಬೆರಳಿನಿಂದ ನಡೆಸುತ್ತ 8,000ಕ್ಕೆ ಸಮೀಪ ಸುತ್ತು ಸುತ್ತಬೇಕು. ಎಳೆ ಹರಿದರೆ ಶ್ರಮವೆಲ್ಲ ವ್ಯರ್ಥ. ಸುರುಳಿಯ ನಡುವೆ ಬಳಪದ ಕಡ್ಡಿಯ ಮುರುಕಿನಂಥ ಆರು ಅಯಸ್ಕಾಂತದ ಸಲಾಕೆಗಳು, ತಂತಿಗೊಂದರಂತೆ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟುಗಳನ್ನು ಕಬ್ಬಿಣಕ್ಕೆ ಬೆರೆಸಿದ ಆಲ್ನಿಕೋ ಎಂಬ ಮಿಶ್ರಲೋಹವದು, ಸೆಳೆತ ಬಲವಾದದ್ದು.

1954ರಲ್ಲಿ ಬಂದ ಸ್ಟ್ರಾಟೋಕಾಸ್ಟರಿನಲ್ಲಿ ಇಂಥ ಪಿಕಪ್ಪುಗಳು ಒಂದಲ್ಲ, ಮೂರು. ಹದಿನೆಂಟು ಅಯಸ್ಕಾಂತಗಳು, ಪ್ರತಿಯೊಂದು ತಂತಿಯನ್ನೂ ಮೂರು ಕಡೆಗಳಿಂದ ಕೆಳಕ್ಕೆ ಸೆಳೆಯುವ ಕೈಗಳು. ವಾದಕನಿಗೆ ಮೂರು ಬಗೆಯ ನಾದ ಸಿಕ್ಕಿತು, ಜಗತ್ತೇ ಮೆಚ್ಚಿತು. ಆದರೆ ಕೆಲವು ಗಿಟಾರುಗಳಲ್ಲಿ, ಅದರಲ್ಲಿಯೂ ದಪ್ಪ ತಂತಿಯನ್ನು ಮೇಲಿನ ಮೆಟ್ಟಿಲುಗಳಲ್ಲಿ ಒತ್ತಿ ಮೀಟಿದಾಗ, ವಿಲಕ್ಷಣವಾದ ದೋಷವೊಂದು ಕಾಣಿಸಿಕೊಳ್ಳುತ್ತದೆ. ಸ್ವರವು ಒಂದಾಗಿ ನಿಲ್ಲದೆ ಎರಡಾಗಿ ಒಡೆದಂತೆ ಕೇಳುತ್ತದೆ, ತೊಟ್ಟಿಲಂತೆ ತೂಗುತ್ತದೆ, ಎಷ್ಟು ಶ್ರುತಿ ಮಾಡಿದರೂ ಸೇರುವುದಿಲ್ಲ. ರಿಪೇರಿಗಾರರು ಇದಕ್ಕೆ ಸ್ಟ್ರಾಟೈಟಿಸ್ ಎಂದು ಕಾಯಿಲೆಯ ಹೆಸರಿನಂಥ ಹೆಸರೊಂದನ್ನು ಹಚ್ಚಿದ್ದಾರೆ.

ಕಾಯಿಲೆಯ ಮೂಲ ಹೀಗಿದೆ. ಮೀಟಿದ ತಂತಿಯು ಒಂದೇ ಗೆರೆಯಲ್ಲಿ ಅಲುಗುವುದಿಲ್ಲ. ಪಿಕಪ್ಪಿನ ಕಡೆಗೂ ಅದರಿಂದ ಆಚೆಗೂ ಒಂದು ಅಲುಗಾಟ, ಹಲಗೆಗೆ ಸಮಾನಾಂತರವಾಗಿ ಅಡ್ಡಡ್ಡ ಇನ್ನೊಂದು. ಅಯಸ್ಕಾಂತವಿಲ್ಲದಾಗ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ. ತಂತಿಯನ್ನು ಅದರ ನಡುಗೆರೆಗೆ ಮರಳಿಸುವುದು ತಂತಿಯ ಬಿಗಿ. ಈಗ ಕೆಳಗೆ ಅಯಸ್ಕಾಂತವನ್ನಿಟ್ಟರೆ, ತಂತಿ ಹತ್ತಿರ ಬಂದಷ್ಟೂ ಸೆಳೆತ ಹೆಚ್ಚುತ್ತದೆ, ದೂರ ಸರಿದಷ್ಟೂ ಕುಗ್ಗುತ್ತದೆ. ಎಂದರೆ ಮೇಲುಕೆಳಗಿನ ಅಲುಗಾಟದಲ್ಲಿ ಬಿಗಿಯು ಮಾಡುವ ಕೆಲಸಕ್ಕೆ ಅಯಸ್ಕಾಂತವು ಅಡ್ಡಗಾಲು ಹಾಕುತ್ತದೆ. ತಂತಿ ಸಡಿಲವಾದಂತೆಯೇ ವರ್ತಿಸುತ್ತದೆ. ಕಂಪನದ ಸಂಖ್ಯೆ ಇಳಿಯುತ್ತದೆ. ಅಡ್ಡ ಅಲುಗಾಟದಲ್ಲಿ ಈ ಇಳಿತವಿಲ್ಲ. ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಅಡ್ಡಡ್ಡ 82 ಇದ್ದು ಮೇಲುಕೆಳಗೆ 81ಕ್ಕೆ ಇಳಿಯಿತೆಂದು ಇಟ್ಟುಕೊಂಡರೆ, ಒಂದೇ ತಂತಿಯಲ್ಲಿ ಎರಡು ಶ್ರುತಿಗಳು ಹುಟ್ಟಿ ಸೆಕೆಂಡಿಗೊಮ್ಮೆ ನಾದವು ಉಬ್ಬಿ ಕುಗ್ಗುತ್ತದೆ. ಭೌತಶಾಸ್ತ್ರದಲ್ಲಿ ವಿಸ್ಪಂದವೆನ್ನುವುದು ಇದನ್ನೇ. ಸಾಲದ್ದಕ್ಕೆ ಅಯಸ್ಕಾಂತವು ಮೂಲಸ್ವರವನ್ನು ತಗ್ಗಿಸಿದಷ್ಟು ಉಪಸ್ವರಗಳನ್ನು ತಗ್ಗಿಸುವುದಿಲ್ಲ. ಆದ್ದರಿಂದ ಅವುಗಳ ನಡುವಿನ ಹೊಂದಾಣಿಕೆಯೂ ಕೆಡುತ್ತದೆ.

ಸ್ಟ್ರಾಟೋಕಾಸ್ಟರಿನಲ್ಲಿ ಮೇಲಿನ ಮೆಟ್ಟಿಲುಗಳಲ್ಲಿಯೇ ಈ ಪೀಡೆ ಹೆಚ್ಚೇಕೆಂಬುದನ್ನು ಅಳತೆಪಟ್ಟಿಯೇ ಹೇಳುತ್ತದೆ. ಕಂಪಿಸುವ ತಂತಿಯ ಪೂರ್ಣ ಉದ್ದ 25.5 ಅಂಗುಲ. ಕತ್ತಿನ ಬಳಿಯ ಪಿಕಪ್ ಇರುವುದು ಕುದುರೆಯಿಂದ ಹೆಚ್ಚುಕಡಿಮೆ ಅದರ ನಾಲ್ಕನೆಯ ಒಂದು ಭಾಗದಷ್ಟು ದೂರದಲ್ಲಿ. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದರೆ ತಂತಿಯ ಉದ್ದ ಅರ್ಧವಾಗುತ್ತದೆ. ಆಗ ಪಿಕಪ್ ನಿಲ್ಲುವುದು ಉಳಿದರ್ಧದ ನಟ್ಟನಡುವೆ, ತಂತಿಯು ಅತಿ ಹೆಚ್ಚು ಬಾಗುವ ಹೊಟ್ಟೆಯ ಕೆಳಗೆ! ಒತ್ತಿದಾಗ ತಂತಿಯೂ ತಗ್ಗಿ ಅಯಸ್ಕಾಂತಕ್ಕೆ ಸಮೀಪವಾಗಿರುತ್ತದೆ. ಕಂಪನದ ಸಂಖ್ಯೆ ಇಮ್ಮಡಿಯಾದುದರಿಂದ ವಿಸ್ಪಂದದ ತೂಗಾಟವೂ ಚುರುಕಾಗಿ ಕಿವಿಗೆ ತಾಗುತ್ತದೆ.

ಇಷ್ಟೆಲ್ಲ ಅಪಾಯವಿದ್ದರೆ ಪಿಕಪ್ಪನ್ನು ದೂರವೇ ಇಡಬಾರದೆ? ನೃತ್ಯಶಾಲೆಯ ಗದ್ದಲದಲ್ಲಿ ನಿಂತ ವಾದಕನಿಗೆ ಈ ಪ್ರಶ್ನೆ ಅಷ್ಟು ಸುಲಭವಲ್ಲ. ಪಿಕಪ್ ಸಮೀಪವಾದಷ್ಟೂ ನಾದವು ಜೋರು, ಮೀಟಿನ ಮೊನೆ ಹರಿತ. ದೂರವಾದರೆ ದನಿ ಸೊರಗಿ, ಬೇರೆ ವಾದ್ಯಗಳಲ್ಲಿ ಮುಳುಗುತ್ತದೆ. ಆದ್ದರಿಂದ ತಿರುಪನ್ನು ಇನ್ನೊಂದು ಸುತ್ತು ಮೇಲೆತ್ತುವ ಆಸೆ ಯಾರನ್ನೂ ಬಿಟ್ಟಿಲ್ಲ. ಎತ್ತಿದವರ ದೂರೂ ಒಂದೇ: ಸ್ವರ ನಿಲ್ಲುವುದಿಲ್ಲ, ಬೇಗ ಸಾಯುತ್ತದೆ. ನಿಧಾನವಾದ ಹಾಡಿನಲ್ಲಿ ಒಂದು ಸ್ವರವನ್ನು ಎಳೆದು ನಿಲ್ಲಿಸಬೇಕಾದ ಕಡೆ ಅದು ನಡುವೆಯೇ ಕುಸಿದರೆ, ವಾದಕನ ಪಾಲಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆಯಿಲ್ಲ. ಅನುರಣನವೆಂಬುದು ಮೀಟುವಾದ್ಯದ ಮಾನ.

ಆದರೆ ಅನುರಣನವನ್ನು ನುಂಗುವವನು ಅಯಸ್ಕಾಂತವೇ ಎಂಬ ಸಾಮಾನ್ಯ ನಂಬಿಕೆ ವಿಚಾರಣೆಗೆ ನಿಲ್ಲುವುದಿಲ್ಲ. ಅಯಸ್ಕಾಂತವು ಬಡ್ಡಿಯಿಲ್ಲದೆ ಸಾಲ ಕೊಡುವ ಸಾಹುಕಾರನಿದ್ದಂತೆ. ತಂತಿ ಹತ್ತಿರ ಬರುವಾಗ ಅದಕ್ಕೆ ವೇಗವನ್ನು ಕೊಡುತ್ತದೆ. ದೂರ ಸರಿಯುವಾಗ ಕೊಟ್ಟಷ್ಟನ್ನೇ ಹಿಂದಕ್ಕೆ ಪಡೆಯುತ್ತದೆ. ಲೆಕ್ಕ ಸರಿಹೋಗುತ್ತದೆ. ಬಡ್ಡಿಯೆನ್ನಬಹುದಾದ ನಷ್ಟ, ಲೋಹದಲ್ಲಿ ಸುಳಿಯುವ ಸಣ್ಣ ವಿದ್ಯುತ್ ಪ್ರವಾಹಗಳಿಂದ, ಇಲ್ಲವೆಂದಲ್ಲ, ಅದು ಅಲ್ಪ. ಇನ್ನು ಸುರುಳಿಯು ಕದಿಯುವುದೆಷ್ಟು? ಮೂರು ಮಿಲಿಮೀಟರಿನಷ್ಟು ಎಳೆದು ಬಿಟ್ಟ ತಂತಿಯಲ್ಲಿರುವ ಶಕ್ತಿ ಒಂದೆರಡು ಮಿಲಿಜೂಲ್. ಸುರುಳಿಯಲ್ಲಿ ಹುಟ್ಟುವುದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದರ ಮುಂದಿರುವ ತಡೆ ಎರಡೂವರೆ ಲಕ್ಷ ಓಮ್. ಗುಣಿಸಿ ಭಾಗಿಸಿ ನೋಡಿದರೆ ಹತ್ತು ಸೆಕೆಂಡಿನ ಕಾಲ ಪೂರ್ಣ ಬಲದಿಂದ ನುಡಿದರೂ ತಂತಿಯ ಶಕ್ತಿಯಲ್ಲಿ ಸಾವಿರದ ಒಂದು ಪಾಲೂ ಸುರುಳಿಗೆ ಸಂದಿರುವುದಿಲ್ಲ.

ಹಾಗಾದರೆ ಕಿವಿಗೆ ಕೇಳಿದ ಕುಸಿತ ಸುಳ್ಳೆ? ಸುಳ್ಳಲ್ಲ. ವಿಸ್ಪಂದದಲ್ಲಿ ನಾದವು ಕುಗ್ಗುವ ಗಳಿಗೆಯನ್ನು ಕಿವಿಯು ಸಾವೆಂದು ತಿಳಿಯುತ್ತದೆ; ಸಮೀಪದ ಪಿಕಪ್ಪಿನಿಂದ ಮೀಟಿನ ಮೊದಲ ಪೆಟ್ಟು ಬಹಳ ಜೋರಾದುದರಿಂದ ಅದರ ಬೆನ್ನಿಗೆ ಬರುವ ನಾದವು ಬಡವಾಗಿ ತೋರುತ್ತದೆ. ಅಯಸ್ಕಾಂತದ ಮೇಲೆ ಹೊರಿಸಿದ ಅಪರಾಧಗಳಲ್ಲಿ ಶ್ರುತಿ ಕೆಡಿಸಿದ್ದು ನಿಜ; ಪ್ರಾಣ ತೆಗೆದದ್ದು ಬಹುಮಟ್ಟಿಗೆ ಬೇರೆಯವರ ಕೆಲಸ.

ಆ ಬೇರೆಯವರಲ್ಲಿ ಮುಖ್ಯನಾದವನು ಗಿಟಾರಿನ ಕತ್ತು. ಉದ್ದನೆಯ ಆ ಮರದ ತುಂಡಿಗೂ ತನ್ನದೇ ಆದ ಕಂಪನಗಳಿವೆ. ನುಡಿಸಿದ ಸ್ವರವು ಅವುಗಳಲ್ಲೊಂದಕ್ಕೆ ಸರಿಹೊಂದಿದರೆ ಕತ್ತು ತಾನೂ ಅಲುಗತೊಡಗಿ, ತಂತಿಯ ಶಕ್ತಿಯನ್ನು ಹೀರಿಬಿಡುತ್ತದೆ. ಅಕ್ಕಪಕ್ಕದ ಮೆಟ್ಟಿಲುಗಳಲ್ಲಿ ದೀರ್ಘವಾಗಿ ಮೊಳಗುವ ತಂತಿಯು ಆ ಒಂದು ಮೆಟ್ಟಿಲಿನಲ್ಲಿ ಮಾತ್ರ ಟಕ್ಕೆಂದು ನಿಂತುಹೋಗುತ್ತದೆ. ಫೆಂಡರನ ಮಂದ್ರ ಗಿಟಾರುಗಳಲ್ಲಿ, ಅತ್ಯಂತ ತೆಳುವಾದ ತಂತಿಯ ಐದರಿಂದ ಏಳನೆಯ ಮೆಟ್ಟಿಲುಗಳ ನಡುವೆ ಇಂಥ ಸತ್ತ ಜಾಗವಿರುವುದು ಪ್ರಸಿದ್ಧ. 1990ರ ದಶಕದಲ್ಲಿ ಜರ್ಮನಿಯ ಹೆಲ್ಮುಟ್ ಫ್ಲೈಷರ್ ಮತ್ತು ಟಿಲ್ಮನ್ ಜ್ವಿಕರ್ ಗಿಟಾರಿನ ಕತ್ತು ಯಾವ ಕಂಪನಕ್ಕೆ ಎಷ್ಟು ಬಾಗುತ್ತದೆಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದು, ಈ ಸತ್ತ ಜಾಗಗಳ ಗುಟ್ಟನ್ನು ಬಿಡಿಸಿದರು. ಉಳಿದ ನಷ್ಟಕ್ಕೆ ಗಾಳಿಯ ತಡೆ, ತಂತಿಯೊಳಗಿನ ತಿಕ್ಕಾಟ, ತಂತಿಗೆ ಅಂಟಿದ ಬೆರಳಿನ ಬೆವರು ಕಾರಣ. ಹೊಸ ತಂತಿಯು ಹಳೆಯದಕ್ಕಿಂತ ಹೆಚ್ಚು ಹೊತ್ತು ಹೊಳಪಿನಿಂದ ನುಡಿಯುವುದು ಇದರಿಂದಲೇ.

ಕಳ್ಳ ಯಾರೆಂದು ಪತ್ತೆ ಮಾಡಲು ಜಾಣ ರಿಪೇರಿಗಾರನಿಗೆ ಪ್ರಯೋಗಶಾಲೆ ಬೇಕಿಲ್ಲ. ತಿರುಪುಗಳನ್ನು ಸಡಿಲಿಸಿ ಪಿಕಪ್ಪುಗಳನ್ನು ಸಾಧ್ಯವಾದಷ್ಟೂ ಕೆಳಕ್ಕೆ ಇಳಿಸುತ್ತಾನೆ. ಆಂಪ್ಲಿಫೈಯರ್ ಇಲ್ಲದೆ, ಕಿವಿಯನ್ನು ಹಲಗೆಯ ಬಳಿ ತಂದು ಅದೇ ಸ್ವರವನ್ನು ಮೀಟುತ್ತಾನೆ. ತೂಗಾಟ ಮಾಯವಾದರೆ ಅಯಸ್ಕಾಂತವೇ ತಪ್ಪಿತಸ್ಥ. ಸ್ವರ ಇನ್ನೂ ಥಟ್ಟನೆ ಸತ್ತರೆ, ಗಿಟಾರಿನ ತಲೆಗೆ ಒಂದು ತೂಕದ ಹಿಡಿಕೆಯನ್ನು ಕಚ್ಚಿಸಿ ಮತ್ತೆ ಮೀಟುತ್ತಾನೆ. ತೂಕ ಹೆಚ್ಚಿದ ಕತ್ತಿನ ಕಂಪನ ಇಳಿದು, ಸತ್ತ ಜಾಗವು ಬೇರೆ ಮೆಟ್ಟಿಲಿಗೆ ಸರಿದರೆ ಕತ್ತಿನ ಅಪರಾಧ ರುಜುವಾದಂತೆ.

ಪಿಕಪ್ಪಿನ ಎತ್ತರವಾದರೋ ಕೂದಲೆಳೆಯ ಲೆಕ್ಕ. ಕಡೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ಹಳೆಯ ಮಾದರಿಯ ಪಿಕಪ್ಪಿಗೂ ತಂತಿಗೂ ನಡುವೆ ದಪ್ಪ ತಂತಿಯ ಕಡೆ 2.4 ಮಿಲಿಮೀಟರು, ತೆಳು ತಂತಿಯ ಕಡೆ 2 ಮಿಲಿಮೀಟರು ಇರಲೆಂದು ಫೆಂಡರ್ ಕಂಪನಿಯೇ ಸೂಚಿಸುತ್ತದೆ. ಅಷ್ಟು ಅಂತರವನ್ನು ಕಾದುಕೊಂಡರೆ ರೋಗ ಬಹುತೇಕ ತಲೆ ಎತ್ತುವುದಿಲ್ಲ. ದೂರದ ಕಲಮಜೂ ಪಟ್ಟಣದ ಗಿಬ್ಸನ್ ಕಂಪನಿಯಲ್ಲಿ ಸೆತ್ ಲವರ್ 1955ರಲ್ಲಿ ಬೇರೆ ದಾರಿ ಹಿಡಿದಿದ್ದ. ಅವನ ಎರಡು ಸುರುಳಿಗಳ ಪಿಕಪ್ಪಿನಲ್ಲಿ ಅಯಸ್ಕಾಂತವು ಸುರುಳಿಗಳ ಕೆಳಗೆ ಮಲಗಿರುತ್ತದೆ, ತಂತಿಯ ಕಡೆಗೆ ಮುಖ ಮಾಡುವುದು ಬರಿಯ ಕಬ್ಬಿಣದ ತಿರುಪು. ಗುಂಯ್ಗುಡುವ ಕೆಟ್ಟ ಸದ್ದನ್ನು ಕಳೆಯುವುದು ಆತನ ಗುರಿಯಾಗಿತ್ತು. ತಂತಿಯ ಮೇಲಿನ ಸೆಳೆತ ಕಡಮೆಯಾದದ್ದು ಜೊತೆಗೆ ದೊರೆತ ಲಾಭ. ಸೆಳೆತದಿಂದಲೇ ಸ್ವರವನ್ನು ಬದುಕಿಸಿದವರೂ ಇದ್ದಾರೆ. 1976ರಲ್ಲಿ ಮಾರುಕಟ್ಟೆಗೆ ಬಂದ ಈಬೋ ಎಂಬ ಪುಟ್ಟ ಸಾಧನವು ತಂತಿಯ ಕಂಪನವನ್ನು ಒಂದು ಸುರುಳಿಯಿಂದ ಕೇಳಿ, ಇನ್ನೊಂದು ಸುರುಳಿಯಿಂದ ಅದೇ ತಾಳಕ್ಕೆ ತಂತಿಯನ್ನು ಎಳೆದೆಳೆದು, ಬ್ಯಾಟರಿ ಇರುವವರೆಗೂ ಸ್ವರವನ್ನು ನಿಲ್ಲಿಸುತ್ತದೆ.

ಫುಲ್ಲರ್ಟನ್ನಿನಲ್ಲಿ ಈಗ ಆ ದೊಡ್ಡ ಕಾರ್ಖಾನೆಯಿಲ್ಲ. ಸೋಂಕಿನಿಂದ ಬಹುಕಾಲ ನರಳಿದ ಫೆಂಡರನು 1965ರ ಜನವರಿಯಲ್ಲಿ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದ. 1985ರಲ್ಲಿ ಆ ಸಂಸ್ಥೆಯಿಂದ ಕಂಪನಿಯನ್ನು ಅದರ ನೌಕರರೇ ಕೊಂಡಾಗ ಫುಲ್ಲರ್ಟನ್ನಿನ ಕಾರ್ಖಾನೆ ಅವರ ಪಾಲಿಗೆ ಬರಲಿಲ್ಲ. ತಯಾರಿಕೆಯು ಕೊರೋನಾ ಎಂಬ ಪಕ್ಕದ ಊರಿಗೆ ಹೋಯಿತು. ಪೊಮೊನಾ ಬೀದಿಯ ಹಳೆಯ ಗ್ರಂಥಾಲಯದ ಕಟ್ಟಡದಲ್ಲಿರುವ ಊರಿನ ವಸ್ತುಸಂಗ್ರಹಾಲಯದಲ್ಲಿ ಮಾತ್ರ ಫೆಂಡರನ ಹೆಸರಿನ ಒಂದು ವಿಭಾಗವಿದೆ.

ಮಾರಿದ ಮೇಲೆ ರೋಗ ವಾಸಿಯಾಯಿತು; ಸುಮ್ಮನೆ ಕೂರುವುದು ಆತನಿಗೆ ಆಗಲಿಲ್ಲ. ಹಳೆಯ ಸಂಗಾತಿ ಜಾರ್ಜ್ ಫುಲ್ಲರ್ಟನ್ನನೊಡನೆ ಸೇರಿ ಇದೇ ಊರಿನ ಫೆಂಡರ್ ಅವೆನ್ಯೂ ಎಂಬ ಬೀದಿಯಲ್ಲಿ ಜಿ ಅಂಡ್ ಎಲ್ ಎಂಬ ಹೊಸ ಕಂಪನಿಯನ್ನು ತೆರೆದು, 1991ರ ಮಾರ್ಚ್ 21ರಂದು ತೀರಿಕೊಳ್ಳುವವರೆಗೂ ಅಲ್ಲಿನ ಮೇಜಿನ ಮುಂದೆ ದುಡಿದ. 1980ರ ಸುಮಾರಿಗೆ ಆ ಮೇಜಿನಿಂದ ಎದ್ದು ಬಂದ ಪಿಕಪ್ಪಿನಲ್ಲಿ ತನ್ನನ್ನು ಪ್ರಸಿದ್ಧನನ್ನಾಗಿಸಿದ ಆಲ್ನಿಕೋ ಸಲಾಕೆಗಳನ್ನು ಆತ ಕೈಬಿಟ್ಟಿದ್ದ. ಅಯಸ್ಕಾಂತವು ಪಿಂಗಾಣಿಯಂಥದೊಂದು ಪಟ್ಟಿಯಾಗಿ ಸುರುಳಿಯ ಅಡಿಗೆ ಸೇರಿತ್ತು. ಮೇಲೆ, ಪ್ರತಿಯೊಂದು ತಂತಿಯ ಕೆಳಗೂ, ಮೃದುವಾದ ಕಬ್ಬಿಣದ ಒಂದೊಂದು ತಿರುಪು—ಬೇಕಾದಂತೆ ಏರಿಸಬಹುದಾದದ್ದು, ಇಳಿಸಬಹುದಾದದ್ದು.